ಕ್ರಿಸ್‌ಮಸ್‌ಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ: ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ಡಿಸೆಂಬರ್ 26ರಂದು ಕೇಳಿಬರುವ ದೂರು ಒಂದೇ. "ಎಲ್ಲಾ ಮಾಡಿದ್ವಿ, ಆದ್ರೂ ಹಬ್ಬ ಅನ್ನಿಸಲೇ ಇಲ್ಲ." ವಿಚಾರಿಸಿದರೆ ಒಳಗಿನ ಕಥೆಯೂ ಒಂದೇ. 22ಕ್ಕೆ ಮನೆ ಮುಂದೆ ತೂಗುಹಾಕುವ ಕಾಗದದ ನಕ್ಷತ್ರ ತಂದಿರುತ್ತಾರೆ. 23ಕ್ಕೆ ಕೇಕಿನ ಹಿಟ್ಟು ಕಲಸಿರುತ್ತಾರೆ. 24ರ ಸಂಜೆ ದುರ್ಗದಬೈಲಿನ ಗದ್ದಲದಲ್ಲಿ ಉಡುಗೊರೆ ಹುಡುಕುತ್ತಿರುತ್ತಾರೆ. ಯಾರಿಗಾದರೂ ಏನಾದರೂ ಕೊಡಬೇಕು ಅಂದುಕೊಂಡದ್ದು 25ರ ಮಧ್ಯಾಹ್ನ ಊಟ ಮುಗಿದ ಮೇಲೆ ನೆನಪಾಗುತ್ತದೆ.

ಇಲ್ಲಿ ತಪ್ಪಿರುವುದು ಕ್ರಮ. ನಿಧಾನವಾಗಿ ಆಗುವ ಕೆಲಸ ಮೊದಲು ಶುರುವಾಗಬೇಕು, ಬೇಗ ಮುಗಿಯುವುದು ಕೊನೆಗೆ ಬರಬೇಕು. ಕೊಡುವ ಕೆಲಸ ಎಲ್ಲಕ್ಕಿಂತ ಮೊದಲು ನಿಶ್ಚಯವಾಗಬೇಕು. ಇಷ್ಟು ಸರಿಯಾದರೆ 24ರ ಸಂಜೆ ನಿಮಗೆ ಕೆಲಸವೇ ಇರುವುದಿಲ್ಲ. ಹಬ್ಬದ ಮೂಡ್ ಬರುವುದು ಆ ಬಿಡುವಿನಲ್ಲೇ.

ಇದು ಕ್ರೈಸ್ತ ಮನೆಗಳಿಗೆ ಮಾತ್ರ ಬರೆದದ್ದಲ್ಲ. ಓಣಿಯಲ್ಲಿ, ಆಫೀಸಿನಲ್ಲಿ ಗೆಳೆಯರ ಜೊತೆ ಹಬ್ಬ ಮಾಡಬೇಕು ಅನ್ನುವವರಿಗೂ ಇದೇ ಕ್ರಮ ನಡೆಯುತ್ತದೆ.

## ಶುರು ಮಾಡುವ ಮೊದಲು ಮನೆಯಲ್ಲಿ ಇರಬೇಕಾದದ್ದು

ಅಡುಗೆಗೆ: ಬಿಗಿ ಮುಚ್ಚಳದ ಗಾಜಿನ ಬರಣಿ ಒಂದು, ಅಡುಗೆ ತೂಕದ ತಕ್ಕಡಿ, 8 ಇಂಚಿನ ಕೇಕ್ ಡಬ್ಬಿ, ಬಟರ್ ಪೇಪರ್. ತಕ್ಕಡಿ ಇಲ್ಲದೆ "ಒಂದು ವಾಟಿ, ಎರಡು ವಾಟಿ" ಅಂತ ಕೇಕ್ ಮಾಡಲು ಹೋಗಬೇಡಿ. ಉಪ್ಪಿಟ್ಟಿಗೆ ಆ ಅಂದಾಜು ನಡೆಯುತ್ತದೆ, ಕೇಕಿಗೆ ನಡೆಯುವುದಿಲ್ಲ.

ಅಲಂಕಾರಕ್ಕೆ: ಟೂ-ಪಿನ್ ಪ್ಲಗ್, ಬಲ್ಬ್ ಹೋಲ್ಡರ್, 5ರಿಂದ 7 ವ್ಯಾಟ್ ಎಲ್‌ಇಡಿ ಬಲ್ಬ್, ಇನ್ಸುಲೇಶನ್ ಟೇಪ್, ಗಟ್ಟಿ ನೂಲಿನ ಹಗ್ಗ, ಅಗಲವಾದ ಎರಡು ತಟ್ಟೆ, ಅರ್ಧ ಕಿಲೋ ಗೋಧಿ.

ಇವುಗಳ ಜೊತೆ ಒಂದು ನೋಟ್‌ಬುಕ್ ಬೇಕು. ಮೊಬೈಲಿನಲ್ಲಿ ಬರೆದುಕೊಂಡರೆ ಅದು ಮನೆಯಲ್ಲಿ ಒಬ್ಬರಿಗೇ ಗೊತ್ತಿರುತ್ತದೆ. ಫ್ರಿಜ್ ಮೇಲಿನ ನೋಟ್‌ಬುಕ್ ಎಲ್ಲರಿಗೂ ಕಾಣುತ್ತದೆ.

## ಹಂತ 1: ಕೊಡುವ ಲೆಕ್ಕ (ನವೆಂಬರ್ ಕೊನೆಯ ವಾರ)

ಹಬ್ಬಕ್ಕೆ ಒಟ್ಟು ಎಷ್ಟು ಖರ್ಚು ಮಾಡುತ್ತೀರಿ ಅಂತ ಮೊದಲು ಬರೆಯಿರಿ. ಅದರಲ್ಲಿ ಕೊಡುವ ಪಾಲನ್ನು ಅವತ್ತೇ ತೆಗೆದು ಬೇರೆ ಲಕೋಟೆಯಲ್ಲಿ ಇಡಿ. ಬಟ್ಟೆ, ಕೇಕು, ಲೈಟಿನ ಸರ ಎಲ್ಲ ಆದಮೇಲೆ ಉಳಿದದ್ದನ್ನು ಕೊಡೋಣ ಅಂದರೆ ಏನೂ ಉಳಿಯುವುದಿಲ್ಲ. ಇದು ಎಲ್ಲರ ಮನೆಯಲ್ಲೂ ಆಗುವ ಮಾತು.

ಆಮೇಲೆ ಫೋನ್ ಮಾಡಿ. ವೃದ್ಧಾಶ್ರಮವಿರಲಿ, ಮಕ್ಕಳ ವಸತಿಯಿರಲಿ, ನಿಮ್ಮ ಚರ್ಚಿನ ಬಡವರ ನಿಧಿಯಿರಲಿ, ನಾಲ್ಕು ಪ್ರಶ್ನೆ ಕೇಳಿ. ಈಗ ಎಷ್ಟು ಜನ ಇದ್ದಾರೆ? ಯಾವುದು ಮುಗಿಯುತ್ತಾ ಬಂದಿದೆ? ಯಾವುದು ಬೇಕಾದದ್ದಕ್ಕಿಂತ ಜಾಸ್ತಿ ಬಂದು ಬಿದ್ದಿದೆ? ಯಾವ ದಿನ ಬಂದರೆ ನಿಮಗೆ ಅನುಕೂಲ?

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಬಿಸ್ಕತ್ತು, ಕೇಕು, ಹಳೇ ಸೀರೆ ಎಲ್ಲ ಕಡೆಯಿಂದ ಬಂದು ರಾಶಿಯಾಗುತ್ತವೆ. ದೊಡ್ಡವರ ಡೈಪರ್, ಬಟ್ಟೆ ಸೋಪು, ತಲೆಗೆ ಹಚ್ಚುವ ಎಣ್ಣೆ, ಸ್ಯಾನಿಟರಿ ಪ್ಯಾಡ್, ಗ್ಯಾಸ್ ಸಿಲಿಂಡರಿನ ದುಡ್ಡು ಇವಕ್ಕೆ ಮಾತ್ರ ಸದಾ ಕೊರತೆ. ಡೈಪರ್ ಕಟ್ಟನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಡಲು ಸಂಕೋಚ ಅನ್ನಿಸಬಹುದು. ಸುತ್ತಬೇಡಿ, ಹಾಗೇ ಕೊಡಿ.

ಎಚ್ಚರಿಕೆಯ ಸೂಚನೆಗಳು ಕೆಲವಿವೆ. ಸಂಸ್ಥೆಯ ಹೆಸರು ಹೇಳಿ ದುಡ್ಡನ್ನು ಯಾರದೋ ಸ್ವಂತ ನಂಬರಿಗೆ ಹಾಕಿ ಅನ್ನುವುದು, ರಸೀದಿ ಕೇಳಿದರೆ ಮಾತು ಮರೆಸುವುದು, ಬಂದು ನೋಡುತ್ತೇವೆ ಅಂದರೆ ಬೇಡ ಅನ್ನುವುದು. ಇವುಗಳಲ್ಲಿ ಒಂದು ಕಂಡರೂ ಬೇರೆ ಕಡೆ ನೋಡಿ.

ತೆರಿಗೆ ವಿನಾಯಿತಿ ಬೇಕು ಅನ್ನುವವರಿಗೆ ಒಂದು ಮಾತು. 80ಜಿ ಅಂತ ನಾವೆಲ್ಲ ಕರೆಯುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಸಿಗುವುದಿಲ್ಲ. ಅಕ್ಕಿ, ಕಂಬಳಿಯಂಥ ಸಾಮಾನು ಕೊಟ್ಟರೂ ಸಿಗುವುದಿಲ್ಲ. ಚೆಕ್ ಅಥವಾ ಯುಪಿಐ ಮೂಲಕ ಸಂಸ್ಥೆಯ ಖಾತೆಗೇ ಹಾಕಿ, ರಸೀದಿ ತೆಗೆದಿಡಿ.

## ಹಂತ 2: ಹಣ್ಣು ನೆನೆಸುವುದು (ನವೆಂಬರ್ ಕೊನೆ)

ಒಣದ್ರಾಕ್ಷಿ, ಕಪ್ಪು ಒಣದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ, ಚೆರ್ರಿ, ಕಿತ್ತಳೆ ಸಿಪ್ಪೆ ಎಲ್ಲ ಸೇರಿ 400 ಗ್ರಾಂ ಇದ್ದರೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಗುವ ಕೇಕಿಗೆ ಸಾಕು. ಎಲ್ಲವನ್ನೂ ಒಣದ್ರಾಕ್ಷಿಯ ಗಾತ್ರಕ್ಕೆ ಹೆಚ್ಚಿ. ದೊಡ್ಡ ತುಂಡು ಉಳಿದರೆ ಕೇಕ್ ಕೊಯ್ಯುವಾಗ ಚೂರು ಚೂರಾಗುತ್ತದೆ. ಗೋಡಂಬಿ ಈಗ ಹಾಕಬೇಡಿ. ನೆನೆದರೆ ಮೆತ್ತಗಾಗಿ ರುಚಿ ಕೆಡುತ್ತದೆ. ಅದು ಹಿಟ್ಟು ಕಲಸುವ ದಿನ.

ರಮ್‌ನಲ್ಲಿ ನೆನೆಸುವವರು ಹಣ್ಣು ಮುಳುಗುವಷ್ಟು ಹಾಕಿ, ಬರಣಿಯನ್ನು ಬಿಸಿಲು ಬೀಳದ ಕಡೆ ಇಟ್ಟು, ಮೂರ್ನಾಲ್ಕು ದಿನಕ್ಕೊಮ್ಮೆ ಒಣ ಚಮಚದಿಂದ ತಿರುವಬೇಕು. ಹಸಿ ಚಮಚ ಹಾಕಿದರೆ ಕೆಲಸ ಕೆಟ್ಟಂತೆ.

ಕಿತ್ತಳೆ ಅಥವಾ ದ್ರಾಕ್ಷಿ ರಸದಲ್ಲಿ ನೆನೆಸುವವರು ಈ ಹಂತವನ್ನು ಈಗ ಮಾಡಲೇಬಾರದು. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ರಮ್‌ನ ಲೆಕ್ಕವನ್ನು ರಸಕ್ಕೂ ಹಚ್ಚಿ ವಾರಗಟ್ಟಲೆ ಹೊರಗೆ ಇಡುತ್ತಾರೆ, ರಸ ಹುಳಿತು ನೊರೆ ಬರುತ್ತದೆ. ರಸದಲ್ಲಿ ನೆನೆಸುವುದಾದರೆ ಕೇಕ್ ಬೇಯಿಸುವ ಎರಡು ದಿನ ಮೊದಲು, ಅದೂ ಫ್ರಿಜ್‌ನಲ್ಲಿ. ಮುಚ್ಚಳ ತೆಗೆದಾಗ ಟಸ್ ಅಂತ ಗಾಳಿ ಹೊರಬಂದರೆ, ಮೇಲೆ ಬಿಳಿ ಪೊರೆ ಕಟ್ಟಿದ್ದರೆ, ಚೆಲ್ಲಿಬಿಡಿ. ಕುದಿಸಿ ಸರಿ ಮಾಡೋಣ ಅನ್ನಬೇಡಿ.

## ಹಂತ 3: ನಕ್ಷತ್ರ ಕಟ್ಟುವುದು (ಡಿಸೆಂಬರ್ ಮೊದಲ ವಾರ)

ಹಬ್ಬಕ್ಕೆ ಚರ್ಚು ಸಿದ್ಧವಾಗುವ ಆಗಮನ ಕಾಲ (ಅಡ್ವೆಂಟ್) ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಲೆಕ್ಕದಲ್ಲಿ ಬರುತ್ತದೆ. ಅದರ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ನಕ್ಷತ್ರ ಆ ವಾರವೇ ಮೇಲೇರಲಿ. ಮನೆಯಲ್ಲಿ ಹಬ್ಬದ ಗಾಳಿ ಬೀಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. 24ಕ್ಕೆ ಕಟ್ಟಿ 26ಕ್ಕೆ ಮರೆಯುವ ನಕ್ಷತ್ರಕ್ಕೆ ಕೊಟ್ಟ ದುಡ್ಡು ದಂಡ.

1. ನಕ್ಷತ್ರವನ್ನು ನೆಲದ ಮೇಲೆ ಬಿಡಿಸಿ, ಬಲ್ಬ್ ಒಳಗಿಟ್ಟು, ಅಲ್ಲೇ ಹಚ್ಚಿ ನೋಡಿ. ಏಣಿ ಏರಿದ ಮೇಲೆ ಬಲ್ಬ್ ಹೋಗಿದೆ ಅಂತ ಗೊತ್ತಾಗಬಾರದು.

2. ಬಲ್ಬ್ ಕಾಗದಕ್ಕೆ ತಾಗದಂತೆ ನಡುವೆ ನಿಲ್ಲಿಸಿ. ಮನೆಯಲ್ಲಿ ಬಿದ್ದಿರುವ ಹಳೇ 60 ವ್ಯಾಟ್ ಬಲ್ಬನ್ನು ಖಂಡಿತ ಹಾಕಬೇಡಿ. ಅದರ ಶಾಖಕ್ಕೆ ಕಾಗದ ಕಂದಾಗಿ, ಕೊನೆಗೆ ಹತ್ತಿಕೊಳ್ಳಬಹುದು.

3. ನಕ್ಷತ್ರದ ಭಾರ ಹಗ್ಗದ ಮೇಲೆ ಬೀಳಬೇಕು, ವೈರಿನ ಮೇಲಲ್ಲ. ಹಗ್ಗವನ್ನು ಕೊಂಡಿಗೆ ಬಿಗಿದು, ವೈರನ್ನು ಸಡಿಲವಾಗಿ ಪಕ್ಕದಲ್ಲಿ ಇಳಿಬಿಡಿ. ವೈರು ಹೋಲ್ಡರಿಗೆ ಸೇರುವ ಮುನ್ನ ಒಂದು ಗೇಣು ಕೆಳಗೆ ಬಾಗಿ ಮೇಲೆ ಬರಲಿ. ಬೆಳಗಿನ ಇಬ್ಬನಿಯ ನೀರು ಆ ಬಾಗಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ಹೋಲ್ಡರಿನೊಳಗೆ ಹೋಗುವುದಿಲ್ಲ.

4. ಕೊನೆಗೆ ಪ್ಲಗ್. ವೈರಿನ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಟೂ-ಪಿನ್ ಪ್ಲಗ್ಗಿಗೆ ಎಷ್ಟು ದುಡ್ಡು ಹೋಗುತ್ತದೆ ಹೇಳಿ? ಮಕ್ಕಳು ಓಡಾಡುವ ಮನೆಯಲ್ಲಿ ಇದನ್ನು ಮಾಡಲೇಬೇಡಿ. ಬೀದಿ ದೀಪದ ಕಂಬಕ್ಕೆ ಕಟ್ಟುವುದು, ಕಂಬದಿಂದ ಕರೆಂಟ್ ಎಳೆಯುವುದು ಕೂಡ ಬೇಡ.

ಪ್ಲಗ್ ಮುಟ್ಟಿದಾಗ ಬಿಸಿ ಅನ್ನಿಸಿದರೆ, ಬಲ್ಬ್ ಮಿಣಮಿಣ ಅಂದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಸ್ವಿಚ್ ಆರಿಸಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಮತ್ತೆ ಹಚ್ಚಬೇಡಿ.

ಧಾರವಾಡದವರಿಗೆ ಇನ್ನೊಂದು ತೊಂದರೆ ಇದೆ, ಮಂಗ್ಯಾಗಳದ್ದು. ಮರದ ಕೊಂಬೆ ತಾಗುವ ಮೂಲೆಯಲ್ಲಿ ನಕ್ಷತ್ರ ಕಟ್ಟಿದರೆ ಅದು ಅಲ್ಲಿ ಉಳಿಯುವುದಿಲ್ಲ. ಜಾಲರಿ ಇರುವ ವರಾಂಡದ ಒಳಗೆ ತೂಗುಹಾಕಿ.

## ಹಂತ 4: ಕೊಟ್ಟು ಬರುವುದು (ಡಿಸೆಂಬರ್ 7ರಿಂದ 15)

ಇದು ಇಷ್ಟು ಬೇಗ ಯಾಕೆ ಅಂತ ಕೇಳಬಹುದು. 24 ಮತ್ತು 25ರಂದು ಎಲ್ಲರೂ ಹೋಗುತ್ತಾರೆ. ಒಂದೇ ದಿನ ನಾಲ್ಕು ಗುಂಪು ಬಂದು ನಾಲ್ಕು ಸಲ ಕೇಕ್ ಕೊಯ್ಯಿಸಿದರೆ ಅಲ್ಲಿನ ಮಕ್ಕಳಿಗೂ ಹಿರಿಯರಿಗೂ ಸುಸ್ತು. ಊಟ ಚೆಲ್ಲಿಹೋಗುತ್ತದೆ. ಕಂಬಳಿಯ ವಿಷಯದಲ್ಲಂತೂ ತಡ ಮಾಡಿದರೆ ಅರ್ಥವೇ ಇಲ್ಲ. ಚಳಿ ಡಿಸೆಂಬರ್ ಮೊದಲಿಗೇ ಬಂದಿರುತ್ತದೆ.

ಕಂಬಳಿ. ತೆಳು ಕಂಬಳಿ ನೂರು ಕೊಡುವುದಕ್ಕಿಂತ ಗಟ್ಟಿ ಕಂಬಳಿ ಮೂವತ್ತು ಕೊಡಿ. ಕೊಳ್ಳುವಾಗ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಆಚೆ ಕಡೆಯ ಮುಖ ಕಂಡರೆ ಬಿಡಿ. ದೊಡ್ಡ ದವಾಖಾನೆಗಳ ಹೊರಗೆ, ಉದಾಹರಣೆಗೆ ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಅಂತಲೇ ಕರೆಯುವ ಕೆಎಂಸಿಆರ್‌ಐ ಆವರಣದಲ್ಲಿ, ರೋಗಿಗಳ ಜೊತೆ ಹಳ್ಳಿಯಿಂದ ಬಂದವರು ಉಳಿದುಕೊಂಡಿರುತ್ತಾರೆ. ಅವರಿಗೆ ಕೊಡುವುದಾದರೆ ಇಬ್ಬರೇ ಹೋಗಿ, ಸೆಕ್ಯೂರಿಟಿಯವರಿಗೆ ಹೇಳಿ, ಸದ್ದಿಲ್ಲದೆ ಕೊಟ್ಟು ಬನ್ನಿ. ಗಾಡಿ ನಿಲ್ಲಿಸಿ ಕೂಗಿ ಕರೆದರೆ ನೂಕುನುಗ್ಗಲಾಗುತ್ತದೆ. ಬಲ ಇದ್ದವನಿಗೆ ಎರಡು, ಮುದುಕಿಗೆ ಒಂದೂ ಇಲ್ಲ.

ಬಟ್ಟೆ. ಒಗೆದು, ಗುಂಡಿ ಹಾಕಿ, ಇಸ್ತ್ರಿ ಇಲ್ಲದಿದ್ದರೂ ಮಡಚಿ ಕೊಡಿ. ಗಂಡುಮಕ್ಕಳು, ಹೆಣ್ಣುಮಕ್ಕಳು, ದೊಡ್ಡವರು ಅಂತ ಬೇರೆ ಬೇರೆ ಗಂಟು ಕಟ್ಟಿ, ಮೇಲೆ ವಯಸ್ಸು ಬರೆದ ಚೀಟಿ ಅಂಟಿಸಿ. ಒಳಉಡುಪು ಹೊಸದೇ ಆಗಿರಬೇಕು. ನಿಮ್ಮ ಮನೆಯ ಮಗುವಿಗೆ ತೊಡಿಸಲು ಮನಸ್ಸು ಬಾರದ ಬಟ್ಟೆಯನ್ನು ಒರೆಸುವ ಬಟ್ಟೆ ಮಾಡಿಕೊಳ್ಳಿ.

ಊಟ. ಮೊದಲೇ ಅಡುಗೆಯವರ ಹತ್ತಿರ ಮಾತಾಡಿ. ಎಷ್ಟೋ ಕಡೆ ಹೊರಗಿನ ಬೇಯಿಸಿದ ಊಟ ತೆಗೆದುಕೊಳ್ಳುವುದಿಲ್ಲ, ಅದು ಸರಿಯೇ. ಅಲ್ಲಿನ ಅಡುಗೆಮನೆಗೆ ಒಂದು ದಿನದ ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಕೊಟ್ಟರೆ ಅವರೇ ಬಿಸಿಯಾಗಿ ಮಾಡಿ ಬಡಿಸುತ್ತಾರೆ. ಮನೆಯಲ್ಲಿ ಉಳಿದ ಗುಳಿಗೆ, ಔಷಧ ಮಾತ್ರ ಯಾರಿಗೂ ಕೊಡಬೇಡಿ.

ಫೋಟೊ. ಮಕ್ಕಳ ವಸತಿಯಲ್ಲಿ ಮಕ್ಕಳ ಫೋಟೊ ತೆಗೆದು ಸ್ಟೇಟಸ್ ಹಾಕಬೇಡಿ. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು, ಚಿತ್ರ ಹೊರಗೆ ಹಾಕುವುದನ್ನು 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ತಡೆಯುತ್ತದೆ. ಕಾಯ್ದೆ ಬಿಡಿ. ಕಂಬಳಿ ಕೈಯಲ್ಲಿ ಹಿಡಿಸಿ ಒಬ್ಬ ಹಿರಿಯರನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದನ್ನು ನೋಡಿದವರಿಗೆ ಅದು ಎಷ್ಟು ಕೆಟ್ಟದಾಗಿ ಕಾಣುತ್ತದೆ ಅಂತ ಗೊತ್ತು.

ದುಡ್ಡಿಲ್ಲದವರು ರಕ್ತ ಕೊಡಬಹುದು. 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಒಮ್ಮೆ ಕೊಡಬಹುದು.

ಇನ್ನು ಆಫೀಸಿನ ಸೀಕ್ರೆಟ್ ಸಾಂಟಾ ಆಟ, ಅಂದರೆ ಚೀಟಿಯಲ್ಲಿ ಹೆಸರು ಬಂದವರಿಗೆ ಗುಟ್ಟಾಗಿ ಉಡುಗೊರೆ ಕೊಡುವುದು. ಚೀಟಿ ಎತ್ತುವ ದಿನವೇ ಬೆಲೆಯ ಮಿತಿ ಹೇಳಿಬಿಡಿ. ಇಲ್ಲದಿದ್ದರೆ ಒಬ್ಬರು ಪರ್ಸ್ ಕೊಡುತ್ತಾರೆ, ಒಬ್ಬರು ಪೆನ್ನು ಕೊಡುತ್ತಾರೆ, ಇಬ್ಬರಿಗೂ ಮುಜುಗರ. ಏನು ಕೊಡಲಿ ಅಂತ ಒದ್ದಾಡುವವರಿಗೆ ಧಾರವಾಡ ಪೇಡೆ ಇದ್ದೇ ಇದೆ.

## ಹಂತ 5: ಗೋದಲಿ ಮತ್ತು ಗೋಧಿ ಸಸಿ (ಡಿಸೆಂಬರ್ 13ರಿಂದ)

ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ. ಅದಕ್ಕೆ ಹಸಿರು ಹುಲ್ಲು ಬೇಕಲ್ವಾ? ಅಂಗಡಿಯ ಪ್ಲಾಸ್ಟಿಕ್ ಹುಲ್ಲಿನ ಬದಲು ಗೋಧಿ ಬೆಳೆಸಿ. ದಸರೆಯಲ್ಲಿ ಘಟ ಹಾಕುವವರನ್ನು ನೋಡಿದವರಿಗೆ ಈ ಕೆಲಸ ಹೊಸದಲ್ಲ. ಅದೇ ಲೆಕ್ಕ. ಚಳಿಗಾಲವಾದ್ದರಿಂದ ಒಂದೆರಡು ದಿನ ಜಾಸ್ತಿ ಹಿಡಿಯಿರಿ.

1. ಡಿಸೆಂಬರ್ 13ರ ರಾತ್ರಿ ಗೋಧಿ ನೆನೆಹಾಕಿ. 14ರ ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ.

2. 15ಕ್ಕೆ ಬಿಳಿ ಮೊಳಕೆ ಇಣುಕಿರುತ್ತದೆ. ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ಮೇಲೆ ಕಾಳು ಒಂದರ ಪಕ್ಕ ಒಂದು ಬರುವಂತೆ ಹಾಸಿ. ಮೇಲೆ ಮಣ್ಣು ಸುಮ್ನೆ ಉದುರಿಸಿದರೆ ಸಾಕು.

3. ಮೊದಲ ಎರಡು ದಿನ ಬಟ್ಟೆ ಮುಚ್ಚಿ. ಆಮೇಲೆ ಕಿಟಕಿಯ ಹತ್ತಿರ ಇಡಿ. ದಿನಕ್ಕೆ ಎರಡು ಸಲ ನೀರು ಚಿಮುಕಿಸಿ, ಸುರಿಯಬೇಡಿ.

ಬೇರಿನ ಹತ್ತಿರ ಬಿಳಿ ಬೂಸ್ಟು, ಮುಗ್ಗು ವಾಸನೆ ಬಂದರೆ ನೀರು ಜಾಸ್ತಿಯಾಗಿದೆ. ಸಸಿ ಹಳದಿಯಾಗಿ ಉದ್ದಕ್ಕೆ ಎಳೆದಿದ್ದರೆ ಬೆಳಕು ಸಾಲುತ್ತಿಲ್ಲ. 24ಕ್ಕೆ ತೀರ ಎತ್ತರವಾಗಿದ್ದರೆ ಕತ್ತರಿಯಿಂದ ಸಮ ಮಾಡಿ. ದಿನ ಮರೆತುಹೋದವರು 18ಕ್ಕೆ ಸಾಸಿವೆ ಹಾಕಿ, ಅದು ಬೇಗ ಬರುತ್ತದೆ.

ಗೋದಲಿಯ ಗುಡ್ಡಕ್ಕೆ ಕಂದು ಕಾಗದ ಮುದುಡಿ ಬಣ್ಣ ಬಳಿದರೆ ಸಾಕು. ಛಾವಣಿಗೆ ಜೋಳದ ಕಣಿಕೆ ಎಲ್ಲಿ ಬೇಕಾದರೂ ಸಿಗುತ್ತದೆ, ನೋಡಲೂ ನಮ್ಮ ಊರಿನ ದನದ ಕೊಟ್ಟಿಗೆಯ ಹಾಗೇ ಕಾಣುತ್ತದೆ. ನೆಲದ ಮೇಲೆ ಕಟ್ಟಬೇಡಿ, ಇಲಿ ಬಂದು ಗೋಧಿ ತಿಂದುಹೋಗುತ್ತದೆ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕಟ್ಟಿ. ಕಣಿಕೆಯ ಹತ್ತಿರ ಮೇಣದಬತ್ತಿ ಹಚ್ಚುವುದು ಅಪಾಯ. ಕ್ರಿಸ್‌ಮಸ್ ಗಿಡದ ಮೇಲೆ ಹಿಮದ ಹಾಗೆ ಹತ್ತಿ ಹರಡಿ ಅದರೊಳಗೆ ಸೀರಿಯಲ್ ಸೆಟ್ (ಲೈಟಿನ ಸರ) ಬಿಡುವುದೂ ಅಷ್ಟೇ ಅಪಾಯ. ಹಿಮ ಬೀಳದ ಊರಲ್ಲಿ ಅದರ ಅವಶ್ಯಕತೆಯಾದರೂ ಏನು?

ಬಾಲಯೇಸುವಿನ ಗೊಂಬೆಯನ್ನು 24ರ ರಾತ್ರಿ ಮಾತ್ರ ಇಡುತ್ತಾರೆ. ಬಾಲಯೇಸುವನ್ನು ನೋಡಲು ಒಂಟೆ ಏರಿ ಬರುವ ಮೂವರು ಜ್ಞಾನಿಗಳ ಗೊಂಬೆಗಳು ದೂರದ ಮೂಲೆಯಲ್ಲಿರಲಿ. ಅವರ ಹಬ್ಬದ ದಿನವಾದ ಜನವರಿ 6ಕ್ಕೆ ಅವರು ಗೋದಲಿ ಮುಟ್ಟಬೇಕು. ಅವರನ್ನು ದಿನಕ್ಕಿಷ್ಟು ಮುಂದೆ ಸರಿಸುವ ಕೆಲಸವನ್ನು ಮಕ್ಕಳಿಗೆ ಬಿಡಿ. ಒಂಟೆ ನಡುರಾತ್ರಿ ಓಡಿಹೋದರೂ ಬೈಯಬೇಡಿ.

## ಹಂತ 6: ಕ್ಯಾರಲ್ (ಡಿಸೆಂಬರ್ 14ರಿಂದ 22)

ಕ್ಯಾರಲ್ ಅಂದರೆ ಮನೆ ಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವುದು. ಹಾಡು ನಾಲ್ಕೇ ಇರಲಿ, ಸಾಹಿತ್ಯ ಎಲ್ಲರಿಗೂ ಬಾಯಿಪಾಠ ಇರಲಿ. ಮೊಬೈಲ್ ನೋಡಿಕೊಂಡು ಹಾಡಿದರೆ ಮನೆಯವರ ಮುಖ ಯಾರೂ ನೋಡುವುದಿಲ್ಲ. ಒಂದು ಕನ್ನಡ ಹಾಡು ಢೋಲಕ್ ಜೊತೆ ಇದ್ದರೆ ಅಜ್ಜಿಯಂದಿರೂ ಚಪ್ಪಾಳೆ ತಟ್ಟುತ್ತಾರೆ.

ಮನೆಗಳ ಪಟ್ಟಿ ಮಾಡಿ ಹಿಂದಿನ ದಿನವೇ ತಿಳಿಸಿ. ಕೇಶ್ವಾಪುರದ ಕಡೆ ರೈಲ್ವೆ ಕೆಲಸದವರ ಮನೆ ಬಹಳ. ರಾತ್ರಿ ಪಾಳಿಗೆ ಹೋಗುವವರು ಸಂಜೆ ಮಲಗಿರುತ್ತಾರೆ, ಕೇಳಿಕೊಂಡೇ ಹೋಗಿ. ಒಂದು ಮನೆಗೆ ಹತ್ತು ನಿಮಿಷ, ಒಂದು ಸಂಜೆಗೆ ಎಂಟು ಮನೆ ಸಾಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸ್ಪೀಕರ್ ಇಲ್ಲದೆಯೇ ಹಾಡಿದರೆ ಇನ್ನೂ ಚಂದ.

ಕಾಣಿಕೆ ಡಬ್ಬಿ ಹಿಡಿದು ಹೋಗುವುದಾದರೆ ದುಡ್ಡು ಯಾವುದಕ್ಕೆ ಅಂತ ಮೊದಲ ಮನೆಯಲ್ಲೇ ಹೇಳಿ. ಕೊನೆಗೆ ಲೆಕ್ಕವನ್ನು ಎಲ್ಲರಿಗೂ ತಿಳಿಸಿ. ಈ ಒಂದು ಕೆಲಸ ಬಿಟ್ಟರೆ ಮುಂದಿನ ವರ್ಷ ಬಾಗಿಲು ಅರ್ಧವೇ ತೆರೆಯುತ್ತದೆ.

ಆ ವರ್ಷ ಸಾವಾದ ಮನೆಗೂ ಹೋಗಿ, ಆದರೆ ಕುಣಿತದ ಹಾಡು ಬೇಡ. ಒಂದು ನಿಧಾನದ ಹಾಡು, ಒಂದು ಚಿಕ್ಕ ಪ್ರಾರ್ಥನೆ, ಅಷ್ಟೇ.

## ಹಂತ 7: ಕರಿದ ತಿಂಡಿ (ಡಿಸೆಂಬರ್ 17, 18)

ಕರಾವಳಿಯಿಂದ ಬಂದ ಮನೆಗಳಲ್ಲಿ ಕುಸ್ವಾರ್ ಅನ್ನುವ ಬಗೆಬಗೆಯ ಕ್ರಿಸ್‌ಮಸ್ ತಿಂಡಿ ಮಾಡುತ್ತಾರೆ. ನಮ್ಮ ಕಡೆ ಕರ್ಚಿಕಾಯಿ, ಶಂಕರಪೋಳಿ, ಚಕ್ಕಲಿ, ಶೇಂಗಾ ಉಂಡಿ. ಎಲ್ಲವನ್ನೂ ಒಂದೇ ದಿನ ಮಾಡಬೇಡಿ. ಉಂಡಿ ಮತ್ತು ಚಕ್ಕಲಿ ಒಂದು ದಿನ, ಕರ್ಚಿಕಾಯಿ ಮತ್ತು ಶಂಕರಪೋಳಿ ಇನ್ನೊಂದು ದಿನ.

ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿಬಿಟ್ಟು ಹೂರಣ ಎಲ್ಲ ಚೆಲ್ಲುವುದು ಸಾಮಾನ್ಯ ದೂರು. ಹೆಚ್ಚಾಗಿ ಹೂರಣದಲ್ಲಿ ಹಸಿ ಉಳಿದಿರುತ್ತದೆ, ಇಲ್ಲವೇ ಅಂಚಿನಲ್ಲಿ ಪುಡಿ ಸಿಕ್ಕಿಕೊಂಡಿರುತ್ತದೆ. ಒಣ ಕೊಬ್ಬರಿಯನ್ನೇ ಬಳಸಿ, ತುರಿದು ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಪುಟಾಣಿ ಹಿಟ್ಟು, ಸಕ್ಕರೆ ಪುಡಿ, ಹುರಿದ ಗಸಗಸೆ, ಏಲಕ್ಕಿ ಸೇರಿಸಿ. ಅಂಚಿಗೆ ಹಾಲು ಸವರಿ ಒತ್ತಿ. ಹಿಟ್ಟಿಗೂ ಮಡಚಿಟ್ಟ ಕರ್ಚಿಕಾಯಿಗೂ ಒದ್ದೆ ಬಟ್ಟೆ ಮುಚ್ಚಿರಲಿ. ಮೇಲ್ಮೈ ಒಣಗಿದರೆ ಬಿರುಕು ಬಿಡುತ್ತದೆ.

ಡಬ್ಬಿಗೆ ತುಂಬುವ ಮುನ್ನ ಪೂರ್ತಿ ಆರಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ನೀರು ಹನಿಗಟ್ಟಿ, 25ಕ್ಕೆ ಮೆತ್ತಗಾಗಿರುತ್ತದೆ.

## ಹಂತ 8: ಕೇಕ್ (ಡಿಸೆಂಬರ್ 20, 21)

ಹಣ್ಣಿನ ಕೇಕ್ ಬೇಯಿಸಿದ ದಿನ ತಿನ್ನುವುದಲ್ಲ. ಎರಡು ಮೂರು ದಿನ ಕೂತರೆ ಹಣ್ಣಿನ ರಸ ಒಳಗೆಲ್ಲ ಹರಡಿ ಚೆನ್ನಾಗಿ ಕೊಯ್ಯಲು ಬರುತ್ತದೆ. ಅದಕ್ಕೆ 24ಕ್ಕೆ ಬೇಯಿಸಬೇಡಿ.

ಅಳತೆ: ಮೈದಾ 200 ಗ್ರಾಂ (ಅದರಲ್ಲಿ ಎರಡು ಚಮಚ ಬೇರೆ ತೆಗೆದಿಡಿ), ಬೆಣ್ಣೆ 200 ಗ್ರಾಂ, ಸಕ್ಕರೆ ಪುಡಿ 150 ಗ್ರಾಂ, ಮೊಟ್ಟೆ 4, ನೆನೆಸಿದ ಹಣ್ಣು, ಗೋಡಂಬಿ ಒಂದು ಮುಷ್ಟಿ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಲವಂಗ-ದಾಲ್ಚಿನ್ನಿ-ಏಲಕ್ಕಿ-ಜಾಯಿಕಾಯಿ ಪುಡಿ ಒಂದು ಟೀ ಚಮಚ, ಚಿಟಿಕೆ ಉಪ್ಪು.

ಸಕ್ಕರೆ ಸುಡುವುದು. ಕೇಕಿನ ಕಪ್ಪು ಬಣ್ಣ, ಆ ಸಣ್ಣ ಕಹಿ ಎರಡೂ ಬರುವುದು ಇಲ್ಲಿಂದ. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆ, ಒಂದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಚಮಚ ಹಾಕಬೇಡಿ, ಪಾತ್ರೆಯನ್ನೇ ಹಿಡಿದು ತಿರುಗಿಸಿ. ಮೊದಲು ಅಂಚಿನಲ್ಲಿ ಬಂಗಾರದ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ಗಾಢ ಕಂದು. ಹೆಚ್ಚಿನವರು ಬೆಲ್ಲದ ಬಣ್ಣಕ್ಕೇ ಹೆದರಿ ಇಳಿಸಿಬಿಡುತ್ತಾರೆ, ಕೇಕ್ ಬಿಳುಚಿಕೊಳ್ಳುತ್ತದೆ. ತೆಳುವಾಗಿ ಹೊಗೆ ಎದ್ದು, ದೊಡ್ಡ ಗುಳ್ಳೆಗಳು ಸಣ್ಣ ನೊರೆಯಾದಾಗ ಗ್ಯಾಸ್ ಆರಿಸಿ. ಇನ್ನು ಹತ್ತು ಸೆಕೆಂಡು ಬಿಟ್ಟರೆ ಕರಕಲು.

ಈಗ 80 ಎಂಎಲ್ ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಭಯಂಕರವಾಗಿ ಸಿಡಿಯುತ್ತದೆ. ಮುಖ ಹಿಂದೆ ಇರಲಿ, ಕೈಗೆ ಉದ್ದ ತೋಳಿನ ಬಟ್ಟೆ ಇರಲಿ, ಮಕ್ಕಳು ಅಡುಗೆಮನೆಯಲ್ಲಿ ಇರಬಾರದು. ತಣ್ಣೀರು ಹಾಕಿದರೆ ಸಕ್ಕರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗಾದರೆ ಮತ್ತೆ ಸಣ್ಣ ಉರಿಯಲ್ಲಿಟ್ಟರೆ ಕರಗುತ್ತದೆ. ಪೂರ್ತಿ ಆರಿದ ಮೇಲೆ ಮಾತ್ರ ಹಿಟ್ಟಿಗೆ ಸೇರಿಸಿ.

ಕಲಸುವ ಕ್ರಮ. ಬೆಣ್ಣೆ, ಮೊಟ್ಟೆಯನ್ನು ಎರಡು ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಡಿ. ಬೆಣ್ಣೆ, ಸಕ್ಕರೆ ಬಿಳುಪಾಗಿ ಹಗುರಾಗುವವರೆಗೆ ತಿರುವಿ. ಮೊಟ್ಟೆ ಒಂದೊಂದಾಗಿ ಸೇರಿಸಿ. ಮಿಶ್ರಣ ಒಡೆದ ಹಾಲಿನ ಹಾಗೆ ಕಂಡರೆ ಒಂದು ಚಮಚ ಮೈದಾ ಹಾಕಿ ತಿರುವಿ, ಸರಿಹೋಗುತ್ತದೆ. ಆಮೇಲೆ ಸುಟ್ಟ ಸಕ್ಕರೆಯ ನೀರು. ಜರಡಿ ಹಿಡಿದ ಮೈದಾ, ಬೇಕಿಂಗ್ ಪೌಡರ್, ಮಸಾಲೆ, ಉಪ್ಪು ಕೊನೆಗೆ. ಇಲ್ಲಿಂದ ಜಾಸ್ತಿ ತಿರುವಬೇಡಿ, ಕೇಕ್ ಗಟ್ಟಿಯಾಗುತ್ತದೆ.

ಹಣ್ಣನ್ನು ಸೋಸಿ, ಅದೇ 200 ಗ್ರಾಂನಿಂದ ತೆಗೆದಿಟ್ಟ ಎರಡು ಚಮಚ ಮೈದಾದಲ್ಲಿ ಹೊರಳಿಸಿ, ಗೋಡಂಬಿ ಜೊತೆ ಸೇರಿಸಿ. ಈ ಹೊರಳಿಸುವ ಕೆಲಸ ಬಿಟ್ಟರೆ ಹಣ್ಣೆಲ್ಲ ತಳಕ್ಕೆ ಇಳಿದು ಕೂರುತ್ತದೆ.

ಬೇಯಿಸುವುದು. ಡಬ್ಬಿಗೆ ಬಟರ್ ಪೇಪರ್ ಹಾಕಿ. ದಿನಪತ್ರಿಕೆ ಬೇಡ, ಶಾಯಿ ಇರುತ್ತದೆ. ಓವನ್ 160 ಡಿಗ್ರಿ, ಸುಮಾರು 60ರಿಂದ 75 ನಿಮಿಷ. ಮೊದಲ 45 ನಿಮಿಷ ಬಾಗಿಲು ತೆರೆಯಬೇಡಿ, ನಡುವೆ ಕುಸಿಯುತ್ತದೆ. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಆಯಿತು. ಮೇಲೆ ಬೇಗ ಕಪ್ಪಾಗುತ್ತಿದ್ದರೆ 45 ನಿಮಿಷದ ನಂತರ ಫಾಯಿಲ್ ಮುಚ್ಚಿ. ನಡುವೆ ಜ್ವಾಲಾಮುಖಿಯ ಹಾಗೆ ಬಿರಿದರೆ ಶಾಖ ಜಾಸ್ತಿ ಇತ್ತು ಅಂತ ಅರ್ಥ. ರುಚಿಗೆ ತೊಂದರೆ ಇಲ್ಲ.

ಓವನ್ ಇಲ್ಲದವರು ಅರ್ಧ ಅಳತೆ ತೆಗೆದುಕೊಂಡು 6 ಇಂಚಿನ ಡಬ್ಬಿಯಲ್ಲಿ ಮಾಡಿ. ಹಳೆಯ ದಪ್ಪ ಪಾತ್ರೆಯಲ್ಲಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಡಬ್ಬಿ ಇಟ್ಟು ತೀರ ಸಣ್ಣ ಉರಿಯಲ್ಲಿ 50ರಿಂದ 60 ನಿಮಿಷ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ಸೀಟಿ ಎರಡೂ ತೆಗೆದಿರಬೇಕು, ಒಳಗೆ ನೀರು ಹಾಕಬಾರದು. ಒಣ ಶಾಖಕ್ಕೆ ಕುಕ್ಕರ್ ಹಾಳಾಗುತ್ತದೆ, ಹೊಸದನ್ನು ಇದಕ್ಕೆ ತೆಗೆಯಬೇಡಿ.

ಆರಲು ಕಿಟಕಿಯಲ್ಲಿ ಇಡಬೇಡಿ. ಯಾಕೆ ಅಂತ ಧಾರವಾಡದವರಿಗೆ ಹೇಳಬೇಕಿಲ್ಲ.

## ಹಂತ 9: ಓಣಿಗೆ ಹಂಚುವುದು (ಡಿಸೆಂಬರ್ 23, 24)

ಇಲ್ಲಿ ಒಂದು ವಿಷಯವನ್ನು ಸರಿಯಾಗಿ ಮಾಡಿ. ನಮ್ಮ ಓಣಿಗಳಲ್ಲಿ ಮೊಟ್ಟೆ ತಿನ್ನದ ಮನೆಗಳು ಬಹಳ. ರಮ್ ಅಂದರೆ ಮುಟ್ಟದ ಮನೆಗಳೂ ಇವೆ. ಕೇಳದೆ ಒಂದೇ ತಟ್ಟೆ ಎಲ್ಲರಿಗೂ ಕಳಿಸಿದರೆ ಅವರು ನಗುತ್ತಾ ತೆಗೆದುಕೊಂಡು, ಕೆಲಸದವರಿಗೆ ಕೊಟ್ಟುಬಿಡುತ್ತಾರೆ.

ಎರಡು ತರದ ತಟ್ಟೆ ಮಾಡಿ. ಒಂದರಲ್ಲಿ ಕೇಕು, ಮೇಲೆ "ಮೊಟ್ಟೆ ಇದೆ" ಅಥವಾ "ಮೊಟ್ಟೆ, ರಮ್ ಇದೆ" ಅಂತ ಚೀಟಿ. ಇನ್ನೊಂದರಲ್ಲಿ ಕರ್ಚಿಕಾಯಿ, ಉಂಡಿ, ಬಾಳೆಹಣ್ಣು. ಎರಡನೆಯ ತಟ್ಟೆಯ ತಿಂಡಿಯನ್ನು ಹೊಸ ಎಣ್ಣೆಯಲ್ಲಿ ಕರಿದಿರಬೇಕು. ಮಾಂಸ, ಮೀನು ಕರಿದ ಎಣ್ಣೆ ಬೇಡ. ಬಾಗಿಲಲ್ಲೇ "ಅಕ್ಕಾರ, ಇದರಾಗ ತತ್ತಿ ಹಾಕಿಲ್ಲ" ಅಂದುಬಿಟ್ಟರೆ ಅವರಿಗೂ ನಿರಾಳ. ಸಕ್ಕರೆ ಕಾಯಿಲೆ ಇರುವ ಹಿರಿಯರ ಮನೆಗೆ ಚಕ್ಕಲಿ ಜಾಸ್ತಿ, ಉಂಡಿ ಕಡಿಮೆ.

ಮೊದಲ ತಟ್ಟೆಗಳು ಕಸದ ಗಾಡಿಯವರಿಗೆ, ಹಾಲಿನವರಿಗೆ, ವಾಚ್‌ಮನ್‌ಗೆ ಹೋಗಲಿ. ಮುರಿದ ಚೂರುಗಳ ತಟ್ಟೆಯಲ್ಲ, ಮೇಲಿನ ಮನೆಗೆ ಕಳಿಸುವಂಥದ್ದೇ ತಟ್ಟೆ.

## ಹಂತ 10: ಚರ್ಚಿಗೆ ಹೋಗುವುದು (24ರ ರಾತ್ರಿ, 25ರ ಬೆಳಿಗ್ಗೆ)

ಕಥೋಲಿಕ ಚರ್ಚುಗಳಲ್ಲಿ 24ರ ರಾತ್ರಿ ಬಲಿಪೂಜೆ (ಮಾಸ್) ಇರುತ್ತದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಸಭೆಗಳಲ್ಲಿ 25ರ ಬೆಳಗಿನ ಆರಾಧನೆ ಮುಖ್ಯ. ಸಮಯ ಚರ್ಚಿನಿಂದ ಚರ್ಚಿಗೆ ಬೇರೆ, ಅಲ್ಲಿನ ಬೋರ್ಡ್ ನೋಡಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವವರು ಕೊನೆಯ ಚಿಗರಿ ಬಸ್ಸಿನ ಸಮಯ ಮೊದಲೇ ತಿಳಿದುಕೊಳ್ಳಿ.

ಮೊದಲ ಸಲ ಹೋಗುವ ಗೆಳೆಯರಿಗೆ: ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡರೆ ನಿಮ್ಮದೂ ಅಲ್ಲೇ ಬಿಡಿ. ಹಿಂದಿನ ಸಾಲಿನಲ್ಲಿ ಕೂತು, ಉಳಿದವರು ಎದ್ದಾಗ ಎದ್ದರೆ ಸಾಕು. ಪ್ರಸಾದದ ಹಾಗೆ ಕಾಣುವ ರೊಟ್ಟಿಯ ಸಾಲಿಗೆ ಹೋಗಬೇಡಿ. ಅದು ಆ ಸಭೆಯ ದೀಕ್ಷೆ ಪಡೆದವರಿಗೆ ಮಾತ್ರ. ಕೂತಲ್ಲೇ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಫೋಟೊ ಎಲ್ಲ ಮುಗಿದ ಮೇಲೆ, ಹೊರಗಿನ ಗೋದಲಿಯ ಮುಂದೆ.

## ಹಂತ 11: ತೆಗೆದಿಡುವುದು (ಜನವರಿ 6ರ ನಂತರ)

ಗೋಧಿ ಸಸಿಯನ್ನು ಆಕಳಿಗೆ ಹಾಕಿ. ಮಣ್ಣು ಕುಂಡಕ್ಕೆ. ನಕ್ಷತ್ರದಿಂದ ಬಲ್ಬ್ ತೆಗೆದು, ಒರೆಸಿ, ದಿನಪತ್ರಿಕೆಯಲ್ಲಿ ಸುತ್ತಿ ನುಸಿಗುಳಿಗೆ ಜೊತೆ ಅಟ್ಟಕ್ಕೆ ಹಾಕಿ. ವೈರು, ಹೋಲ್ಡರು ಬೇರೆ ಪಿಶವಿಯಲ್ಲಿ. ಸೀರಿಯಲ್ ಸೆಟ್ಟನ್ನು ರಟ್ಟಿನ ತುಂಡಿಗೆ ಸುತ್ತಿ, ಇಲ್ಲದಿದ್ದರೆ ಮುಂದಿನ ವರ್ಷ ಗಂಟು ಬಿಡಿಸುವುದರಲ್ಲೇ ಒಂದು ಸಂಜೆ ಹೋಗುತ್ತದೆ.

ನೋಟ್‌ಬುಕ್ಕಿನಲ್ಲಿ ಯಾವ ತಿಂಡಿ ಉಳಿಯಿತು, ಯಾವುದು ಸಾಲಲಿಲ್ಲ, ಯಾವ ಮನೆಗೆ ಮೊಟ್ಟೆ ನಡೆಯುವುದಿಲ್ಲ ಅಂತ ಬರೆದಿಡಿ. ಅದೇ ದಿನ, ಹಂತ 1ರಲ್ಲಿ ಫೋನ್ ಮಾಡಿದ ಕಡೆಗೆ ಮತ್ತೊಮ್ಮೆ ಫೋನ್ ಮಾಡಿ ಈಗ ಏನು ಮುಗಿದಿದೆ ಅಂತ ಕೇಳಿ. ಡಿಸೆಂಬರಿನಲ್ಲಿ ಬಂದ ಸೋಪು, ಎಣ್ಣೆ ಜನವರಿ ಕೊನೆಯ ಹೊತ್ತಿಗೆ ಖಾಲಿಯಾಗಿರುತ್ತದೆ, ಆಗ ಕೇಳುವವರು ಯಾರೂ ಇರುವುದಿಲ್ಲ.